ಒಂದೇ ಸ್ವರದ ಬೋರ್ಡು
(ಸಿಂಥ್ ಸರಣಿ, ಭಾಗ 6)

ಕೀಬೋರ್ಡಿನ ಕೊಳಲು ಯಾಕೆ ಸಪ್ಪೆ ಅನ್ಸುತ್ತೆ ಗೊತ್ತಾ? ಸಾಮಾನ್ಯವಾಗಿ ಅದು ಯಾರೋ ಯಾವತ್ತೋ ಊದಿದ್ದರ ರೆಕಾರ್ಡಿಂಗ್. ಎಷ್ಟು ಸಲ ಒತ್ತಿದ್ರೂ ಅದೇ ಉಸಿರು.

ಯಮಹಾದ ಪಿಎಲ್‌ಜಿ150-ವಿಎಲ್‌ನಲ್ಲಿ ಆ ರೆಕಾರ್ಡಿಂಗೇ ಇಲ್ಲ. ಮೋಟಿಫ್ ಕೀಬೋರ್ಡಿನೊಳಗೆ ಕೂರಿಸೋ ಪುಟ್ಟ ಬೋರ್ಡು ಅದು. ಕೊಳವೆಯೊಳಗೆ ಗಾಳಿ ಹೇಗೆ ಓಡಾಡುತ್ತೆ ಅಂತ ನುಡಿಸುವಾಗಲೇ ಲೆಕ್ಕ ಹಾಕಿ ನಾದ ಹುಟ್ಟಿಸುತ್ತೆ. 1994ರ ವಿಎಲ್1 ಸಿಂಥಸೈಜರ್‌ನ ವಿದ್ಯೆಯೇ ಇದು.

ಒಂದು ಸಲಕ್ಕೆ ಒಂದೇ ಸ್ವರ. "ಅಷ್ಟೇನಾ?" ಅಂದ್ರು ನಮ್ಮ ಬ್ಯಾಂಡಿನವರು. ಕೊಳಲಿಗೂ ಒಂದೇ ತಾನೆ!

ಕೀ ಒತ್ತಿ, ಬ್ರೆತ್ ಕಂಟ್ರೋಲರ್‌ನಲ್ಲಿ ಊದಬೇಕು. ಮೆಲ್ಲಗೆ ಊದಿದ್ರೆ ದನಿ ತೆಳು, ಜೋರಾದ್ರೆ ಒರಟು, ಉಸಿರು ನಿಂತ್ರೆ ಮೌನ. ಅದಕ್ಕೇ ಒಂದೊಂದು ಸಾಲಿಗೂ ವಾರಗಟ್ಟಲೆ ಅಭ್ಯಾಸ.

"ಫೆಸ್ಟ್‌ಗೆ ಸ್ಯಾಂಪಲ್ಲೇ ಹಾಕ್ಕೊಂಬಿಡು" ಅಂತಾರೆ ಅವರು. ಹಾಕಲ್ಲ. ತಡವರಿಸಿದ್ರೂ ನನ್ನ ಉಸಿರೇ ತಡವರಿಸಲಿ. ಶನಿವಾರ ಬಂದು ಕೇಳಿ.