ಶಾಯಿ ಇಲ್ಲದ ಬೆರಳು

ನಮ್ಮವ್ವ ಅಂಗನವಾಡಿ ಕಾರ್ಯಕರ್ತೆ. ಕುಷ್ಟಗಿ ತಾಲ್ಲೂಕಿನ ನಮ್ಮೂರಲ್ಲಿ ಆ ಹುದ್ದೆಯ ಹೆಸರು ಹಿಡಿದು ಯಾರೂ ಕರೆದವರಲ್ಲ. ಮುದುಕರಿಂದ ಮೂರು ವರ್ಷದ ಕೂಸಿನವರೆಗೆ ಎಲ್ಲರಿಗೂ ಆಕೆ ‘ಅಕ್ಕೋರು’. ಊರಿನ ಸುದ್ದಿ ಪಂಚಾಯಿತಿ ಕಟ್ಟೆಗಿಂತ ಮೊದಲು ಅಕ್ಕೋರಿಗೆ ಮುಟ್ಟುತ್ತಿತ್ತು. ತರುವವರು ಮಕ್ಕಳು. ಬೆಳಿಗ್ಗೆ ಪ್ರಾರ್ಥನೆ ಮುಗಿದದ್ದೇ ಎಲ್ಲರನ್ನೂ ದುಂಡಗೆ ಕೂಡಿಸಿ, ‘ಹೂಂ, ಮನಿ ಸುದ್ದಿ ಹೇಳ್ರಿ’ ಅನ್ನುತ್ತಿದ್ದಳು. ಮಕ್ಕಳಿಗೆ ಮಾತು ಬರಲಿ ಅಂತ ಮಾಡುವ ಚಟುವಟಿಕೆ ಅದು. ಅದರಿಂದ ಊರಿನ ಮರ್ಯಾದೆ ಎಷ್ಟು ಸಲ ಬೀದಿಗೆ ಬಂತೋ ಲೆಕ್ಕವಿಲ್ಲ.

‘ನಮ್ಮ ಎಮ್ಮಿ ಈದೈತ್ರಿ.’ ‘ನಮ್ಮಪ್ಪ ರಾತ್ರಿ ಪರಾತ ಒಗದಾನ್ರಿ.’ ‘ನಮ್ಮವ್ವ ಮುಂಜಾನೆದ್ದು ಕಾರಕೊಂಡಾಳ್ರಿ.’ ಈ ಮೂರನೆಯ ಥರದ ಸುದ್ದಿ ಬಂದ ಸಂಜೆ ಅವ್ವ ತಾಯಿ ಕಾರ್ಡು ಹಿಡಿದು ಆ ಮನೆಗೆ ಹೊರಡುವಳು. ಅತ್ತೆಗೇ ಇನ್ನೂ ತಿಳಿಯದ ಬಸಿರು ಅಕ್ಕೋರ ರಿಜಿಸ್ಟರಿಗೆ ಏರಿರುತ್ತಿತ್ತು.

ನಾನು ಹೇಳಹೊರಟಿದ್ದು 2014ರ ಬೇಸಿಗೆಯ ಮಾತು. ನಾನಾಗ ಎಸ್ಸೆಸ್ಸೆಲ್ಸಿ ಬರೆದು ಮನೆಯಲ್ಲಿ ಖಾಲಿ ಕೂತಿದ್ದೆ. ‘ಕುಂತು ಏನ್ ಮಾಡ್ತಿ, ನಡಿ’ ಅಂತ ಅವ್ವ ದಿನಾ ಎಬ್ಬಿಸಿಕೊಂಡು ಹೋಗುತ್ತಿದ್ದಳು. ನಮ್ಮ ಕಡೆ ಏಪ್ರಿಲ್, ಮೇ ಅಂದರೆ ಸರ್ಕಾರಿ ಕಚೇರಿಗಳೇ 8 ಗಂಟೆಗೆ ಬಾಗಿಲು ತೆರೆಯುವ ಕಾಲ. ಅಂಗನವಾಡಿಯದೂ ಬೆಳಗಿನ ಹೊತ್ತೇ. ಹತ್ತಾಗುವಷ್ಟರಲ್ಲಿ ಒಳಗೆ ಕೂಡಲಾಗದು, ಚಾಪೆ ಎತ್ತಿಕೊಂಡು ಬೇವಿನ ಗಿಡದ ಬುಡಕ್ಕೆ ಹೋಗಬೇಕು. ಅಲ್ಲಿ ಹುಣಸೆ ಬೀಜ ಎಣಿಸುವುದು, ಕೆರೆಮಣ್ಣಿನಲ್ಲಿ ಎತ್ತು ಮಾಡಿ ಕೋಡು ಮುರಿದು ಅಳುವುದು, ಹರವಿಯ ನೀರಿಗೆ ಸಾಲು ಹಚ್ಚುವುದು. ಹಿಂದಿನ ವರ್ಷ ಆಗಸ್ಟ್ 1ಕ್ಕೆ ಕ್ಷೀರಭಾಗ್ಯ ಶುರುವಾಗಿತ್ತು. ಆಯಾ ಹಾಲಿನ ಪುಡಿಯನ್ನು ಗಂಟಾಗದಂತೆ ಕದಡಿ, ಸಕ್ಕರೆ ಹಾಕಿ ಕಾಸಿ, ತಲೆಗೆ 150 ಮಿಲಿಲೀಟರಿನ ಲೆಕ್ಕದಲ್ಲಿ ಲೋಟಕ್ಕೆ ಸುರಿಯುವಳು. ಮೊದಮೊದಲು ಮೂಗು ಮುಚ್ಚಿಕೊಂಡು ಕುಡಿದ ಮಕ್ಕಳೇ ಬೇಸಿಗೆ ಹೊತ್ತಿಗೆ ಎರಡನೇ ಲೋಟಕ್ಕೆ ಜಗಳ ತೆಗೆಯುತ್ತಿದ್ದವು.

ಏಪ್ರಿಲ್ 17ಕ್ಕೆ ಲೋಕಸಭೆ ಚುನಾವಣೆ ಆಯಿತು. ಅವ್ವನೇ ನಮ್ಮ ಬೂತಿನ ಬಿಎಲ್ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಮನೆಮನೆಗೆ ಮತದಾರರ ಚೀಟಿ ಹಂಚಿದವಳು. ದೊಡ್ಡವರೆಲ್ಲ ಬೆರಳು ತೋರಿಸಿಕೊಂಡು ಓಡಾಡಿದ್ದನ್ನು ನೋಡಿ ಮಕ್ಕಳಿಗೂ ಓಟಿನ ಹುಚ್ಚು ಹತ್ತಿತು. ಅವ್ವ ಅದನ್ನೇ ಆಟ ಮಾಡಿದಳು. ಮಾವಿನಹಣ್ಣಿಗೆ ಒಂದು ಡಬ್ಬಿ, ಕಲ್ಲಂಗಡಿಗೆ ಒಂದು ಡಬ್ಬಿ. ಒಬ್ಬರಿಗೊಂದು ಹುಣಸೆ ಬೀಜ. ಬೀಜ ಹಾಕುವ ಮೊದಲು ಎಡಗೈ ತೋರುಬೆರಳಿಗೆ ಕಾಡಿಗೆಯ ಗೆರೆ. ಬೀಜ ಹಾಕುವುದಕ್ಕಿಂತ ಗೆರೆ ಹಾಕಿಸಿಕೊಳ್ಳುವುದಕ್ಕೇ ನೂಕುನುಗ್ಗಲು.

ನಡುವೆ ಒಂದು ಮಾತು. ಆ ಅಸಲಿ ಶಾಯಿ ತಯಾರಾಗುವುದು ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಕಣ್ಣು ಬಿಟ್ಟಿದ್ದೂ ಅದೇ ಜಿಲ್ಲೆಯಲ್ಲಿ, 1975ರ ಅಕ್ಟೋಬರ್ 2ಕ್ಕೆ, ತಿ. ನರಸೀಪುರದಲ್ಲಿ. ಎರಡೂ ಅಷ್ಟು ದೂರದಿಂದ ಬಂದು ನಮ್ಮೂರ ಬೇವಿನ ಗಿಡದ ಕೆಳಗೆ ಕೂಡಿದ್ದು ನೋಡಿ.

ಏಪ್ರಿಲ್ ಕೊನೆಯ ವಾರ ಹೀಗೇ ಆಟ ನಡೆದಿತ್ತು. ಸಾಲಿನಲ್ಲಿ ಗುಬ್ಬಿ ಅಂತ ನಾವು ಕರೆಯುತ್ತಿದ್ದ ನಾಲ್ಕು ವರ್ಷದ ಹುಡುಗಿ. ಬೆರಳು ಚಾಚಿಕೊಂಡೇ ಮನಿ ಸುದ್ದಿ ತೆಗೆದಳು.

‘ಅಕ್ಕೋರ, ನಮ್ಮಪ್ಪಗ ಶಾಯಿ ಐತಿ, ನಮ್ಮವ್ವಗ ಐತಿ, ನಮ್ಮಜ್ಜಿಗೂ ಐತಿ. ನಮ್ಮಕ್ಕಗ ಇಲ್ರಿ.’

‘ಆಕಿ ಇನ್ನಾ ಸಣ್ಣಾಕಿ ಅದಾಳಲ್ಲವ್ವ, ಅದಕ್ಕ ಹಚ್ಚಿಲ್ಲ’ ಅಂದಳು ಅವ್ವ.

‘ಸಣ್ಣಾಕಿ ಅಲ್ರಿ! ಆಕಿಗೆ ಹಸರ ಬಳಿ ಇಡಸ್ಯಾರ. ಬಸವ ಜಯಂತಿಗೆ ಲಗ್ನ ಐತಿ. ನನಗೂ ಹೊಸಾ ಲಂಗ ತಂದಾರ.’

ಅವ್ವ ಮುಖದಲ್ಲಿ ಏನೂ ತೋರಿಸಲಿಲ್ಲ. ‘ಲಂಗ ಯಾವ ಬಣ್ಣದ್ದವ್ವಾ?’ ಅಂತ ಕೇಳಿದಳು, ಅಷ್ಟೆ. ಉಳಿದವರ ಬೆರಳಿಗೂ ಕಾಡಿಗೆ ಹಚ್ಚಿ, ಬೀಜ ಎಣಿಸಿ, ಮಾವಿನಹಣ್ಣು ಗೆದ್ದಿದೆ ಅಂತ ಚಪ್ಪಾಳೆ ಹೊಡೆಸಿ, ಹಾಲು ಕುಡಿಸಿ ಮನೆಗೆ ಕಳಿಸಿದಳು. ಆಮೇಲೆ ಕಪಾಟಿನ ತಳದಿಂದ ರಟ್ಟು ಕಿತ್ತುಹೋದ ರಿಜಿಸ್ಟರೊಂದನ್ನು ಎಳೆದು, ಸೆರಗಿನಿಂದ ಧೂಳು ಒರೆಸಿ, ಚೀಲಕ್ಕೆ ಹಾಕಿಕೊಂಡಳು.

ಗುಬ್ಬಿಯ ಅಕ್ಕ ನನ್ನ ಜೊತೆಗೇ ಎಸ್ಸೆಸ್ಸೆಲ್ಸಿ ಬರೆದವಳು.

ಸಂಜೆ ನಾವಿಬ್ಬರೂ ಅವರ ಮನೆಗೆ ಹೋದೆವು. ನೆಪಕ್ಕೆ ಆ ಮನೆಯ ಬಾಣಂತಿ ಸೊಸೆಗೆ ಕೊಡುವ ಪುಷ್ಟಿ ಪಾಕೀಟು ನನ್ನ ಕೈಯಲ್ಲಿತ್ತು. ಅಂಗಳದಲ್ಲಿ ಹಂದರದ ಗಳ ಬಂದು ಬಿದ್ದಿದ್ದವು. ನನ್ನ ಗೆಳತಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಬಳೆಯ ಸದ್ದಷ್ಟೇ ಕೇಳಿಸುತ್ತಿತ್ತು. ಅವ್ವ ಚಹಾ ಕುಡಿದು, ಮಳೆಬೆಳೆ ಮಾತಾಡಿ, ಕೊನೆಗೆ ಲಗ್ನದ ಮಾತಿಗೆ ಬಂದಳು.

‘ಹದಿನೆಂಟು ತುಂಬ್ಯಾವ್ರಿ ಅಕ್ಕೋರ’ ಅಂದ ಗುಬ್ಬಿಯ ಅಪ್ಪ.

‘ತುಂಬಿದ್ರ ಓಟರ್ ಲಿಸ್ಟಿನ್ಯಾಗ ಹೆಸರ್ಯಾಕ ಇಲ್ಲೋ ತಮ್ಮಾ? ಚೀಟಿ ಹಂಚಿದಾಕಿ ನಾನ. ಅದನ್ನ ನೋಡೇ ಬಂದೀನಿ.’

‘ಬಿಟ್ಟು ಹೋಗಿರಬೇಕ್ರಿ.’

ಅವ್ವ ರಿಜಿಸ್ಟರ್ ತೆಗೆದು ಅವನ ಮುಂದೆ ಇಟ್ಟಳು. 1998ರ ಆಗಸ್ಟ್ ಹುಟ್ಟು. ತೂಕ 2 ಕೆ.ಜಿ. 300 ಗ್ರಾಂ. ಎರಡು ಸಾಲು ಕೆಳಗೆ ನನ್ನ ಹೆಸರೂ ಇತ್ತು. ‘ಆ ಕೂಸು ಬದಕತೈತೋ ಇಲ್ಲೋ ಅಂತ ನಿಮ್ಮವ್ವ ಅಳಾಕತ್ತಿದ್ಲು. ಜೋಳಿಗ್ಯಾಗ ಹಾಕಿ ತೂಗಿ ಬರಕೊಂಡಾಕಿ ನಾನ. ಓಟು ಹಾಕಾಕ ವಯಸ್ಸಾಗಿಲ್ಲ, ಲಗ್ನಕ್ಕ ಆಗೈತೇನು?’

ಅವನು ಕೆಟ್ಟವನಾಗಿರಲಿಲ್ಲ, ಅದನ್ನೂ ಹೇಳಬೇಕು. ಮಳೆ ಹಿಡಿಯುವವರೆಗೆ ಗಂಡಹೆಂಡತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋಗುವವರು. ‘ನಾವು ದುಡಿಯಾಕ ಹೋದ್ರ ಇಕಿನ್ನ ಯಾರ ಕೈಯಾಗ ಬಿಡೂಣ್ರಿ?’ ಅಂದ. ಸಾಮೂಹಿಕ ವಿವಾಹದಲ್ಲಾದರೆ ಖರ್ಚಿಲ್ಲ, ಹುಡುಗ ಪರಿಚಯದವನು, ವರದಕ್ಷಿಣೆ ಕೇಳಿಲ್ಲ. ಒಂದೊಂದೂ ಅವನ ಮಟ್ಟಿಗೆ ಸರಿಯಾದ ಕಾರಣವೇ. ಅವ್ವ ಕಾಲೇಜು, ಹಾಸ್ಟೆಲು ಅಂತ ಹೇಳಿ ನೋಡಿದಳು. ಅಷ್ಟರಲ್ಲಿ ಅಜ್ಜಿ ಪಡಸಾಲೆಯಿಂದ ಎದ್ದು ಬಂದು, ‘ನಿನ್ನ ಮಗಳ್ನ ನೀ ಕಲಸ್ಕೋ. ನಮ್ಮ ಮನೀ ಉಸಾಬರಿ ನಿನಗ್ಯಾಕ?’ ಅಂತ ಚೀರಿದಳು. ನಾವು ಎದ್ದು ಬಂದೆವು.

ಅವ್ವ ಒಂದು ರಾತ್ರಿ ಕಾದಳು. ಬೆಳಿಗ್ಗೆ ಆ ಅಂಗಳದಲ್ಲಿ ಗಳ ನೆಟ್ಟು ನಿಂತಿದ್ದವು. ನೋಡಿದವಳೇ ಮೇಲ್ವಿಚಾರಕಿಗೆ ಫೋನ್ ಮಾಡಿದಳು. ಮರುದಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಡಂ ಪೊಲೀಸರನ್ನು ಕರೆದುಕೊಂಡು ಜೀಪಿನಲ್ಲಿ ಬಂದರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮಾಡಿಸಿದವರಿಗೂ, ಹೋಗಿ ಅಕ್ಷತೆ ಹಾಕಿದವರಿಗೂ ತಪ್ಪಿದ್ದಲ್ಲ ಅಂತ ಓಣಿಗೆಲ್ಲ ಕೇಳುವಂತೆ ಹೇಳಿದರು. ಹದಿನೆಂಟು ತುಂಬುವವರೆಗೆ ಲಗ್ನ ಮಾಡುವುದಿಲ್ಲ ಎಂದು ಅಪ್ಪ ಮುಚ್ಚಳಿಕೆ ಬರೆದುಕೊಟ್ಟ. ಸಾಮೂಹಿಕ ವಿವಾಹದ ಪಟ್ಟಿಯಲ್ಲಿ ಆ ಜೋಡಿಯ ಹೆಸರು ಹೊಡೆದು ಹಾಕಿದರು. ಮೇ 2ರ ಬಸವ ಜಯಂತಿ ದಿನ ಆ ಓಣಿಯಲ್ಲಿ ಯಾರೂ ಅವ್ವನ ಜೊತೆ ಮಾತಾಡಲಿಲ್ಲ.

ನನಗೆ ಇಂದಿಗೂ ದೊಡ್ಡದೆನಿಸುವುದು ಜೀಪು ಬಂದದ್ದಲ್ಲ. ‘ನಿನಗ್ಯಾರು ಹೇಳಿದ್ರು?’ ಅಂತ ಊರೆಲ್ಲ ಕೇಳಿತು. ಗಂಡಸರು ಕಟ್ಟೆಗೆ ಕರೆದು ಕೇಳಿದರು, ನೀರಿಗೆ ಹೋದಲ್ಲಿ ಹೆಂಗಸರು ಕೇಳಿದರು. ಅವ್ವನದು ಒಂದೇ ಉತ್ತರ: ‘ಓಟರ್ ಲಿಸ್ಟ್ ಹೇಳ್ತು.’ ಗುಬ್ಬಿಯ ಹೆಸರು ಆಕೆಯ ಬಾಯಿಂದ ಬರಲಿಲ್ಲ. ಆಯಾಗೂ ನನಗೂ ಆಣೆ ಹಾಕಿಸಿದ್ದಳು.

ಆ ಓಣಿಯ ಮಕ್ಕಳು ಅಂಗನವಾಡಿಗೆ ಬರುವುದು ನಿಂತಿತು. ‘ಸರಕಾರದ ಪಗಾರ ತಿಂದು ಮನಿ ಮುರೀತಾಳ’ ಅಂದವರೂ ಇದ್ದರು. ಆಕೆಗೆ ಬರುತ್ತಿದ್ದುದು ಗೌರವಧನ. ಅದನ್ನು ಪಗಾರ ಅಂತ ಕರೆದವರು ಅವರಷ್ಟೇ. ತೂಕದ ದಿನ ಮಕ್ಕಳು ಬರಲಿಲ್ಲವೆಂದು ಅವ್ವ ತಕ್ಕಡಿಯನ್ನೇ ಆ ಓಣಿಗೆ ಹೊತ್ತು, ಗಿಡಕ್ಕೆ ನೇತುಹಾಕಿ ಕೂತಳು. ಮೂವರು ತಾಯಂದಿರು ಬಂದರು. ಜೂನ್ ಮೊದಲ ವಾರ ಗುಬ್ಬಿಯ ಕೈಹಿಡಿದು ಅಜ್ಜಿಯೇ ಬಂದಳು. ‘ಮನ್ಯಾಗ ಜೀವಾ ತಿಂತಾಳ, ಇಟ್ಕೋ’ ಅಂದು ಅವ್ವನ ಮುಖ ನೋಡದೆ ತಿರುಗಿ ನಡೆದಳು. ಗುಬ್ಬಿ ಚಾಪೆ ಮೇಲೆ ಕೂತವಳೇ ಸುದ್ದಿ ಶುರು ಮಾಡಿದಳು: ‘ಲಂಗ ಪೆಟ್ಟಿಗ್ಯಾಗ ಇಟ್ಟಾರ್ರಿ, ದೀಪಾವಳಿಗೆ ಅಂತ.’

ಗೆಳತಿ ಗಣಿತದಲ್ಲಿ ಫೇಲಾಗಿ, ಮತ್ತೆ ಕಟ್ಟಿ ಪಾಸಾಗಿ, ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದಳು. ಹತ್ತೊಂಬತ್ತು ತುಂಬಿದ ಮೇಲೆ ಮದುವೆ ಆಯಿತು. ಹುಡುಗ ಅವನೇ. ಲಗ್ನಪತ್ರಿಕೆ ಕೊಡಲು ಅಪ್ಪ ನಮ್ಮ ಮನೆಗೆ ಬಂದಾಗ ಅವ್ವ ನಗುತ್ತಲೇ, ‘ಈ ಸಲ ಓಟರ್ ಲಿಸ್ಟಿನ್ಯಾಗ ಹೆಸರೈತಿ ಬಿಡು’ ಅಂದಳು. ಅವನೂ ನಕ್ಕ.

ಅಂಗನವಾಡಿ ಅಕ್ಕೋರು ಇಲ್ಲದ ಓಣಿಗಳಲ್ಲೂ ಇಂಥ ಲಗ್ನಗಳು ನಿಶ್ಚಯವಾಗುತ್ತವೆ, ಅದರಲ್ಲೂ ಬಸವ ಜಯಂತಿಯ ಆಸುಪಾಸು. ನಿಮಗೆ ಅಂಥ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಎತ್ತುತ್ತಾರೆ. ಹೇಳಿದ್ದು ಮನೆಯ ಮಗುವಾಗಿದ್ದರೆ ಅದರ ಹೆಸರು ಮಾತ್ರ ಎಲ್ಲೂ ಬಾಯಿಬಿಡಬೇಡಿ.