ಬೇಗೂರಿನ ಕಲ್ಲು

ಭಾನುವಾರ ಬೆಳಗಿನ ಆರೂವರೆ ಗಂಟೆ. ಜಯನಗರದ ಬೀದಿಗಳಲ್ಲಿ ಹಾಲಿನವರೂ ಪತ್ರಿಕೆ ಹಂಚುವ ಹುಡುಗರೂ ಹೊರತು ಇನ್ನಾರ ಸುಳಿವೂ ಇರಲಿಲ್ಲ. ಒಂದು ಮನೆಯ ಗೇಟಿನ ಮುಂದೆ ಮಧ್ಯವಯಸ್ಸಿನ ಗೃಹಸ್ಥರೊಬ್ಬರು, ತಮ್ಮ ತಂದೆಯಿಂದ ಬಂದ ಹಳೆಯ ಯೆಜ್ಡಿ ಮೋಟಾರು ಸೈಕಲ್ಲನ್ನು ಎಚ್ಚರಗೊಳಿಸುವ ಪ್ರಯತ್ನದಲ್ಲಿದ್ದರು. ಮೈಸೂರಿನ ಕಾರ್ಖಾನೆಯಿಂದ 1961ರ ಹೊತ್ತಿಗೆ ಜಾವಾ ಎಂಬ ಹೆಸರಿನಲ್ಲಿಯೂ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿಯೂ ಹೊರಬಂದ ಈ ಗಾಡಿಗಳದು ಒಂದು ವಿಚಿತ್ರ ಏರ್ಪಾಡು: ಚಾಲೂ ಮಾಡಲು ಒದೆಯುವ ಸನ್ನೆಯೂ, ಗೇರು ಬದಲಿಸುವ ಸನ್ನೆಯೂ ಒಂದೇ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಮೂರನೆಯ ಒದೆತಕ್ಕೆ ಗಾಡಿಯ ಎರಡು ಹೊಗೆಕೊಳವೆಗಳೂ ಒಟ್ಟಿಗೆ ಕೆಮ್ಮಿ, ಬೀದಿಯ ನಿದ್ದೆ ಕೆಡಿಸಿ, ಮಾತನಾಡತೊಡಗಿದುವು.

ಹಿಂದಿನ ಆಸನದಲ್ಲಿ ಹನ್ನೊಂದು ವರ್ಷದ ಮಗಳು. ತಲೆಗೆ ಶಿರಸ್ತ್ರಾಣ, ಬೆನ್ನಿಗೆ ಚೀಲ, ಚೀಲದಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲು, ಅಜ್ಜಿ ಕಟ್ಟಿಕೊಟ್ಟ ಚಪಾತಿ. ಶಾಲೆಯಲ್ಲಿ ಅವಳಿಗೆ ಒಂದು ಪ್ರಬಂಧ ಬರೆದುಕೊಂಡು ಬರಲು ಹೇಳಿದ್ದರು: “ನಮ್ಮ ಊರಿಗೆ ಹೆಸರು ಬಂದ ಬಗೆ.” ಅಜ್ಜಿ ಅದಕ್ಕೆ ಸಿದ್ಧವಾಗಿಯೇ ಇದ್ದರು. ಬೇಟೆಗೆ ಬಂದ ವೀರಬಲ್ಲಾಳರಾಯ ಕಾಡಿನಲ್ಲಿ ದಾರಿ ತಪ್ಪಿದ್ದು, ಹಸಿದು ಒಂದು ಗುಡಿಸಲ ಬಾಗಿಲಿಗೆ ಬಂದದ್ದು, ಮುದುಕಿಯೊಬ್ಬಳು ಬೆಂದ ಕಾಳನ್ನು ಇಕ್ಕಿ ಅವನ ಹಸಿವನ್ನು ತಣಿಸಿದ್ದು, ಆದಕಾರಣ ಅದು ಬೆಂದಕಾಳೂರಾಗಿ ಕಡೆಗೆ ಬೆಂಗಳೂರಾದದ್ದು — ಎಲ್ಲವನ್ನೂ ಆಕೆ ಕಣ್ಣಿಗೆ ಕಟ್ಟುವಂತೆ ಹೇಳಿದರು. ಪ್ರಬಂಧ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಅದನ್ನು ಓದಿದ ತಂದೆ ನಕ್ಕು, “ಕಥೆ ಚೆನ್ನಾಗಿದೆ. ಆದರೆ ಒಂದು ಕಲ್ಲನ್ನು ನೋಡಿಕೊಂಡು ಬಂದು ಮುಗಿಸು” ಎಂದಿದ್ದರು.

ಹನ್ನೆರಡು ಕಿಲೋಮೀಟರು, ಹನ್ನೊಂದು ಶತಮಾನ

ಜಯನಗರದಿಂದ ಬೇಗೂರಿಗೆ ಹತ್ತು ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಸಿಲ್ಕ್ ಬೋರ್ಡ್ ಕೂಡುರಸ್ತೆಯನ್ನು ದಾಟಿ ಹೊಸೂರು ರಸ್ತೆಗೆ ಬಿದ್ದರೆ, 2025ರ ಆಗಸ್ಟಿನಲ್ಲಿ ಸಂಚಾರ ಆರಂಭಿಸಿದ ಮೆಟ್ರೋ ಹಳದಿ ಮಾರ್ಗದ ಕಂಬಗಳು ಸಾಲಾಗಿ ಜೊತೆಗೆ ಬರುತ್ತವೆ. ವಾರದ ಉಳಿದ ದಿನಗಳಲ್ಲಿ ತಾಳ್ಮೆಯನ್ನು ಪರೀಕ್ಷಿಸುವ ಈ ರಸ್ತೆ, ಭಾನುವಾರದ ಮುಂಜಾವದಲ್ಲಿ ಮಾತ್ರ ಸಭ್ಯವಾಗಿರುತ್ತದೆ. ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿದರೆ ಬೇಗೂರು ರಸ್ತೆ. ಅಲ್ಲಿಂದ ಮುಂದೆ ಹೊಂಗಸಂದ್ರ. ಹೆಸರುಗಳೆಲ್ಲ ಹಳ್ಳಿಗಳವು, ಹಳ್ಳಿಗಳು ಮಾತ್ರ ಕಾಣುವುದಿಲ್ಲ. ಔಷಧಿಯಂಗಡಿ, ಪೀಠೋಪಕರಣದ ಮಳಿಗೆ, ಆರು ಅಂತಸ್ತಿನ ವಸತಿಗೃಹಗಳು ಒಂದರ ಹೆಗಲಿಗೆ ಒಂದು ತಾಗಿಕೊಂಡು ನಿಂತಿವೆ. ನಡುವೆ ಎಲ್ಲೋ ಒಂದು ಅರಳಿಕಟ್ಟೆ, ನಾಗರಕಲ್ಲುಗಳ ಒಂದು ಸಾಲು ಕಣ್ಣಿಗೆ ಬಿದ್ದು, ಇದು ಒಂದು ಕಾಲಕ್ಕೆ ಊರ ಬಾಗಿಲಾಗಿತ್ತೆಂದು ಸೂಚಿಸಿ ಮರೆಯಾಗುತ್ತದೆ.

ಬೇಗೂರು ಹತ್ತಿರವಾದಂತೆ ಮೊದಲು ಕಾಣುವುದು ಪಂಚಲಿಂಗೇಶ್ವರ ದೇವಾಲಯದ ಗೋಪುರಗಳು. ಇವು ಈಚಿನವು, ಬಣ್ಣ ಬಳಿದುಕೊಂಡು ದೂರಕ್ಕೇ ಎದ್ದು ಕಾಣುತ್ತವೆ. ಇವನ್ನು ನೋಡಿ, ಹೊಸ ದೇವಸ್ಥಾನವೆಂದು ಬಗೆದು ಹಿಂದಿರುಗಿದವರು ನಷ್ಟ ಪಡುತ್ತಾರೆ. ಗೋಪುರದ ಕೆಳಗೆ ತಲೆಬಾಗಿ ಒಳಹೊಕ್ಕರೆ ಸಾವಿರ ವರ್ಷ ಒಮ್ಮೆಗೇ ಹಿಂದೆ ಸರಿಯುತ್ತದೆ. ಒಳಗಿನ ಐದು ಗುಡಿಗಳಲ್ಲಿ ನಾಗೇಶ್ವರನ ಗುಡಿ ಗಂಗರ ಕಾಲದ್ದು. ಅದರ ಮಂಟಪದ ಚಾವಣಿಯಲ್ಲಿ ಎಂಟು ದಿಕ್ಕುಗಳ ಪಾಲಕರು ತಮ್ಮ ತಮ್ಮ ವಾಹನಗಳನ್ನೇರಿ ಸುತ್ತುವರಿದಿದ್ದಾರೆ, ನಡುವೆ ಉಮಾಮಹೇಶ್ವರರು. ಚೋಳೇಶ್ವರನೆಂಬ ಇನ್ನೊಂದು ಲಿಂಗದ ಹೆಸರೇ ಮುಂದಿನ ಚರಿತ್ರೆಯನ್ನು ಹೇಳುತ್ತದೆ: ಹನ್ನೊಂದನೆಯ ಶತಮಾನದ ಆದಿಯಲ್ಲಿ ಗಂಗವಾಡಿ ಚೋಳರ ವಶವಾಯಿತು. ದೊರೆಗಳು ಬದಲಾದರೂ ದೇವರು ಸ್ಥಳ ಬದಲಿಸಲಿಲ್ಲ.

ಒಂದು ಮನೆತನದ ಮೂರು ಕಲ್ಲುಗಳು

ಆದರೆ ತಂದೆ ಮಗಳು ಬಂದದ್ದು ಗುಡಿಯ ಹೊರಗೆ, ಆವರಣದಲ್ಲಿ ನಿಂತಿರುವ ಒಂದು ಕಲ್ಲಿಗಾಗಿ. ಮೊದಲ ನೋಟಕ್ಕೆ ಅದರಲ್ಲಿ ನೋಡುವಂಥದು ಏನೂ ಇಲ್ಲ. ಹೊಳಪಿಲ್ಲ, ಅಲಂಕಾರವಿಲ್ಲ; ಒರಟು ಮೈಯ ಮೇಲೆ ಹಳಗನ್ನಡದ ಕೆಲವೇ ಸಾಲುಗಳು. ಬಹುಕಾಲ ಬಿಸಿಲು ಮಳೆಗಳಿಗೆ ಮೈಯೊಡ್ಡಿದ್ದುದರಿಂದ ಅಕ್ಷರಗಳ ಅಂಚು ಸವೆದಿದೆ. ಹುಡುಗಿಯ ಮುಖದಲ್ಲಿ ನಿರಾಶೆ ಅಡಗಲಿಲ್ಲ. “ಇಷ್ಟೇನೇ?” ಎಂದಳು.

ಇಷ್ಟೇ. ಆದರೆ ಈ ಸಾಲುಗಳಲ್ಲಿ ‘ಬೆಂಗಳೂರು’ ಎಂಬ ಹೆಸರಿದೆ. ‘ಕರ್ಣಾಟಕ ಕವಿಚರಿತೆ’ಯ ಕರ್ತೃಗಳಾದ ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ ಬೆಳಕಿಗೆ ತಂದ ಶಾಸನವಿದು. ಇದರ ಕಾಲ ಸುಮಾರು ಕ್ರಿ.ಶ. 890. ಕೆಂಪೇಗೌಡರು ತಮ್ಮ ಕೋಟೆ ಪೇಟೆಗಳನ್ನು ಕಟ್ಟಿದರೆಂದು ಹೇಳುವ 1537ಕ್ಕೆ ಆರುನೂರು ವರ್ಷಗಳಿಗೂ ಮಿಗಿಲಾಗಿ ಮುಂಚಿನದು. ಬೆಂದ ಕಾಳಿನ ಕಥೆಯ ನಾಯಕನಾದ ಹೊಯ್ಸಳ ಬಲ್ಲಾಳ ಪಟ್ಟವೇರಿದ್ದು 1173ರಲ್ಲಿ. ಅಂದರೆ ಮುದುಕಿ ಒಲೆ ಹೊತ್ತಿಸುವುದಕ್ಕೆ ಇನ್ನೂರ ಎಂಬತ್ತು ವರ್ಷಗಳ ಹಿಂದೆಯೇ ಊರಿಗೆ ಹೆಸರಿತ್ತು! ಬೇಂಗೆಯ ಮರಗಳಿಂದ ಆ ಹೆಸರು ಬಂದಿತೆಂದು ಹೇಳುವ ವಿದ್ವಾಂಸರೂ ಉಂಟು. ಕಲ್ಲು ಆ ವಾದದಲ್ಲಿ ಬಾಯಿ ಹಾಕುವುದಿಲ್ಲ.

ಕಲ್ಲು ಹೇಳುವುದು ಬೇರೊಂದು ಮಾತು. ಇದು ಊರು ಕಟ್ಟಿದವನ ಹೊಗಳಿಕೆಯಲ್ಲ, ದಾನದ ಪತ್ರವೂ ಅಲ್ಲ, ಸತ್ತವರ ನೆನಪು. ಬೆಂಗಳೂರಿನಲ್ಲಿ ಒಂದು ಕಾಳಗವಾಯಿತು. ನಾಗತ್ತರನ ಮಗ ಬುಟ್ಟಣಸೆಟ್ಟಿ, ಅದೇ ಮನೆಯ ಪೆರ್ವೊಣಸೆಟ್ಟಿ — ಕಲ್ಲಿನ ಮೇಲಿರುವ ಹೆಸರುಗಳು ಇವು. ಯಾರೊಡನೆ ಕಾದಿದರು, ಯಾರು ಗೆದ್ದರು ಎಂಬುದಕ್ಕೆ ಸ್ಥಳವಿಲ್ಲ. ಎಲ್ಲಿ ಸತ್ತರು ಎಂಬುದನ್ನು ಮಾತ್ರ ಕಲ್ಲು ಬಿಡದೆ ಹೇಳಿತು; ಅದರಿಂದಲೇ ನಮಗೆ ಊರಿನ ಹೆಸರು ಉಳಿಯಿತು.

ಆಗ ದೊಡ್ಡ ಊರು ಬೆಂಗಳೂರಲ್ಲ, ಬೇಗೂರು. ಅಂದಿನ ಅದರ ಹೆಸರು ಬೆಂಪೂರು. ಹನ್ನೆರಡು ಹಳ್ಳಿಗಳ ಸಣ್ಣ ನಾಡಿಗೆ ಅದೇ ಮುಖ್ಯ ಸ್ಥಳ. ಅಲ್ಲಿ ನಾಗತ್ತರರ ಮನೆತನ ಆಳುತ್ತಿತ್ತು. ಬೇಗೂರಿನಲ್ಲೇ ದೊರೆತ ಮತ್ತೊಂದು ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಅದರ ಶಿಲ್ಪ ಗಂಗರ ಕಾಲದ ವೀರಗಲ್ಲುಗಳಲ್ಲಿ ಹೆಸರಾದದ್ದು. ವೀರಮಹೇಂದ್ರನ ಮೇಲಿನ ಯುದ್ಧಕ್ಕೆ ಗಂಗರ ಎರೆಯಪ್ಪ ಕಳುಹಿಸಿದ ನಾಗತ್ತರನು ತುಂಬೆಪಾಡಿಯಲ್ಲಿ ಹೋರಾಡಿ ಮಡಿದನೆಂದೂ, ಆಮೇಲೆ ಎರೆಯಪ್ಪನು ಇರುಗ ಎಂಬುವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟನೆಂದೂ ಅದರಲ್ಲಿದೆ. ಬೇಗೂರಿನ ಮೂರನೆಯ ಒಂದು ಕಲ್ಲು ನಾಗತ್ತರನ ಮಗಳು ತೊಂಡಬ್ಬೆಯದು. ಆಕೆ ಜೈನ ವಿಧಿಯಂತೆ ಅನ್ನನೀರು ತೊರೆದು ಸಲ್ಲೇಖನದಿಂದ ದೇಹ ಬಿಟ್ಟಳು.

ನಾಗತ್ತರ ಎಂಬುದು ಪಟ್ಟದ ಹೆಸರೂ ಆಗಿದ್ದುದರಿಂದ, ಮೂರು ಕಲ್ಲುಗಳ ನಾಗತ್ತರನೂ ಒಬ್ಬನೇ ಎಂದು ಹಟ ಹಿಡಿಯಲಾಗದು. ಮನೆತನ ಒಂದೇ ಎಂದರೆ ಸಾಕು. ತುಂಬೆಪಾಡಿಯಲ್ಲಿ ಒಬ್ಬ, ಬೆಂಗಳೂರಿನಲ್ಲಿ ಒಬ್ಬ, ಉಪವಾಸದ ಚಾಪೆಯ ಮೇಲೆ ಒಬ್ಬಳು. ಕೋಟಿಗೂ ಮಿಕ್ಕ ಜನರ ಇಂದಿನ ನಗರದ ಹೆಸರು ಮೊದಲು ದಾಖಲಾದದ್ದು ಈ ಒಂದು ಮನೆಯ ಸೂತಕದಲ್ಲಿ.

ತಂದೆ ಅಚ್ಚಾದ ಶಾಸನಪಾಠವನ್ನು ಬರೆದು ತಂದಿದ್ದರು. ಮಗಳು ಕಲ್ಲನ್ನು ಮುಟ್ಟದೆ, ಗಾಳಿಯಲ್ಲಿ ಬೆರಳಾಡಿಸುತ್ತ ಅಕ್ಷರಗಳನ್ನು ಹುಡುಕಿದಳು. ಒಂದೆರಡು ಹೊಳೆದುವು, ಉಳಿದುವು ಒಗಟಾಗಿಯೇ ನಿಂತುವು. ಅವನ್ನು ಪುಸ್ತಕದಲ್ಲಿ ಚಿತ್ರ ಬರೆದಂತೆ ಬರೆದುಕೊಂಡಳು. ಈ ಊರಿನ ಆಸುಪಾಸಿನ ಇಂಥ ಕಲ್ಲುಗಳೆಲ್ಲ ಉಳಿದಿಲ್ಲ. ರಸ್ತೆ ಅಗಲವಾದಾಗ, ಅಡಿಪಾಯ ತೋಡಿದಾಗ ಹೇಳದೆ ಕೇಳದೆ ಕಣ್ಮರೆಯಾದವು ಎಷ್ಟೋ. 2021ರಿಂದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಇಲ್ಲಿನ ಶಾಸನಗಳನ್ನು ಗಣಕಯಂತ್ರದ ನೆರವಿನಿಂದ ಮೂರು ಆಯಾಮಗಳಲ್ಲಿ ಪಡಿಮೂಡಿಸುವ ಕೆಲಸವನ್ನು ಕೈಗೊಂಡದ್ದು ಸ್ತುತ್ಯವಾದದ್ದು. ಕಲ್ಲು ಹೋದರೂ ಅಕ್ಷರ ಉಳಿದೀತು. ಆದರೆ ಕಲ್ಲೇ ತನ್ನ ನೆಲದಲ್ಲಿ ಉಳಿಯುವುದು ಬೇರೆಯೇ ಮಾತು.

ಕೆರೆಯ ದಂಡೆಯಿಂದ ಮನೆಗೆ

ಬೇಗೂರಿನ ಹಳೆಯ ಕೋಟೆಯ ಗೋಡೆ ಅಲ್ಲಲ್ಲಿ ಮುರಿದು ನಿಂತಿದೆ. ಅದನ್ನು ಒಂದು ಸುತ್ತು ನೋಡಿ, ಕೆರೆಯ ದಂಡೆಗೆ ಬಂದು ತಂದೆ ಮಗಳು ಚಪಾತಿಯ ಗಂಟು ಬಿಚ್ಚಿದರು. ನೀರಿನ ಮೇಲೆ ಬೆಳ್ಳಕ್ಕಿಗಳು. ಆಚೆ ದಡದ ಮನೆಗಳ ಸಾಲು ನೀರಿನಲ್ಲಿ ತಲೆಕೆಳಗಾಗಿ ಅಲುಗಾಡುತ್ತಿತ್ತು. 2014ರ ನವೆಂಬರ್ 1ರಂದು ಸರಕಾರವು ಇಂಗ್ಲಿಷಿನಲ್ಲಿಯೂ ಊರಿನ ಹೆಸರನ್ನು ಬೆಂಗಳೂರು ಎಂದೇ ಬರೆಯತಕ್ಕದ್ದೆಂದು ಗೊತ್ತುಮಾಡಿದ ಸಂಗತಿಯನ್ನು ತಂದೆ ಹೇಳಿದರು. “ಕಲ್ಲಿಗೆ ಅದು ಮೊದಲೇ ಗೊತ್ತಿತ್ತಲ್ಲ!” ಎಂದಳು ಮಗಳು.

ಒಂಬತ್ತೂವರೆಗೆ ಹೊರಟಾಗ ರಸ್ತೆ ಎಚ್ಚೆತ್ತಿತ್ತು. ಬೊಮ್ಮನಹಳ್ಳಿಯ ಸಂದಣಿಯಲ್ಲಿ ಯೆಜ್ಡಿ ಬಿಸಿಯೇರಿ ಒಮ್ಮೆ ನಿಂತಿತು; ಹತ್ತು ನಿಮಿಷ ನೆರಳಿನಲ್ಲಿ ವಿಶ್ರಮಿಸಿ ಮತ್ತೆ ಹೊರಟಿತು. ಹೋಗುವಾಗ ಅರ್ಧ ಗಂಟೆಯ ದಾರಿ ಬರುವಾಗ ಒಂದೂಕಾಲು ಗಂಟೆಯಾಯಿತು. ಬೇಗೂರಿಗೆ ಹೋಗಬಯಸುವವರು ಬೆಳಗ್ಗೆ ಬೇಗನೆ ಹೊರಡುವುದು ಲೇಸು. ಕಲ್ಲಿಗೆ ಕುಂಕುಮ, ಎಣ್ಣೆ, ಸುಣ್ಣ ಏನನ್ನೂ ಬಳಿಯದೆ ಕೈಕಟ್ಟಿ ನೋಡುವುದು ಇನ್ನೂ ಲೇಸು.

ಮನೆಯಲ್ಲಿ ಅಜ್ಜಿ ಕಾಯುತ್ತಿದ್ದರು. ಮೊಮ್ಮಗಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, “ನಿನ್ನ ಮುದುಕಿ ಸುಳ್ಳು ಅಜ್ಜಿ” ಎಂದು ಮುಗಿಸಿದಳು. ಅಜ್ಜಿಗೆ ಬೇಸರವಾದಂತೆ ತೋರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗ ಯುದ್ಧದಲ್ಲಿ ಹೋದನಲ್ಲ, ಅವನ ತಾಯಿಯ ಹೆಸರು ಬರೆದಿದೆಯೇ?” ಎಂದು ಕೇಳಿದರು.

ಮಗಳು ತಂದೆಯ ಮುಖ ನೋಡಿದಳು. ತಂದೆ ಇಲ್ಲವೆಂದು ತಲೆಯಾಡಿಸಿದರು.

ಪ್ರಬಂಧದಲ್ಲಿ ಬೆಂದ ಕಾಳಿನ ಕಥೆ ಹಾಗೆಯೇ ಉಳಿಯಿತು. ಅದರ ಕೆಳಗೆ ಕಲ್ಲಿನ ಅಕ್ಷರಗಳ ಚಿತ್ರ ಬಂದಿತು, ಅದರ ಕೆಳಗೆ, ಪೆನ್ಸಿಲಿನಲ್ಲಿ, ಒಂದು ಸಾಲು: “ಬುಟ್ಟಣಸೆಟ್ಟಿಯ ತಾಯಿಯ ಹೆಸರು ಕಲ್ಲಿನಲ್ಲಿ ಇಲ್ಲ.”