ನಾನೇ ತೆಗೆದ ಟಿಕೆಟ್ಟು

ಪ್ರವಾಸಕ್ಕೆ ಹೊರಡುವವರಲ್ಲಿ ಎರಡು ಪಂಗಡ. "ಎಲ್ಲಾ ನೀವೇ ನೋಡಿಕೊಳ್ಳಿ" ಎಂದು ಏಜೆಂಟನ ಕೈಗೆ ಹಣವನ್ನೂ ತಮ್ಮನ್ನೂ ಒಟ್ಟಿಗೇ ಒಪ್ಪಿಸಿ, ಕಿಟಕಿಯ ಪಕ್ಕ ಕುಳಿತುಬಿಡುವವರದು ಒಂದು. ರೈಲಿನ ಟಿಕೆಟ್ಟಿನಿಂದ ಎಳನೀರಿನವರೆಗೆ ಎಲ್ಲವನ್ನೂ ತಾವೇ ಕೇಳಿ, ತೂಗಿ, ಚೌಕಾಸಿ ಮಾಡದಿದ್ದರೆ ಉಂಡ ಅನ್ನ ಅರಗದವರದು ಇನ್ನೊಂದು. ನಾನು ಎರಡನೆಯ ಪಂಗಡದವನು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕುಳಿತು ಪರರ ಹಣ ಎಣಿಸಿದವನಿಗೆ, ತನ್ನ ಹಣವನ್ನು ಪರರು ಎಣಿಸುವುದನ್ನು ನೋಡುವಷ್ಟು ತಾಳ್ಮೆ ಇರುವುದಿಲ್ಲ.

ಅಂಡಮಾನಿಗೆ ಹೋಗಬೇಕೆಂಬುದು ನನ್ನ ಬಯಕೆಯಲ್ಲ, ನಮ್ಮ ಅವ್ವನದು. ಅವಳ ತಂದೆ 1942ರ ಚಳವಳಿಯಲ್ಲಿ ಹಿಂಡಲಗಾ ಜೈಲಿನಲ್ಲಿ ಒಂಬತ್ತು ತಿಂಗಳು ಇದ್ದು ಬಂದವರು. ಜೈಲಿನ ಕತೆ ಹೇಳುವಾಗಲೆಲ್ಲ ಅವರು, "ನಮ್ಮದೇನು ಮಹಾ, ಕರೀ ನೀರಿಗೆ ಹೋದವರದು ಶಿಕ್ಷೆ" ಎಂದು ಮುಗಿಸುತ್ತಿದ್ದರಂತೆ. ಐದಾರು ವರ್ಷದ ಹುಡುಗಿಯ ಕಿವಿಗೆ ಬಿದ್ದ ಆ ಮಾತು ಎಪ್ಪತ್ತು ವರ್ಷವಾದರೂ ಆರಿರಲಿಲ್ಲ. "ಆ ಜೈಲೊಂದು ನೋಡಬೇಕಪ್ಪ" ಎಂದು ಅವಳು ವರ್ಷಕ್ಕೆ ಒಮ್ಮೆಯಾದರೂ ಅನ್ನುತ್ತಿದ್ದಳು. ಕಾಶಿ, ರಾಮೇಶ್ವರ ಎಂದು ಕೇಳಿದವಳಲ್ಲ. ಕೇಳಿದ್ದು ಇದೊಂದೇ.

2018ರ ಕೊನೆಗೆ ನಾನು ಮನಸ್ಸು ಮಾಡಿದೆ. ರೂಢಿಯಂತೆ ಮೊದಲು ಒಬ್ಬ ಏಜೆಂಟನ ಬಳಿಗೇ ಹೋದೆ, ದರ ತಿಳಿಯುವುದಕ್ಕೆ. ಮೂವರಿಗೆ, ಐದು ರಾತ್ರಿಗೆ, ಒಂದು ಲಕ್ಷದ ಐದು ಸಾವಿರ ಎಂದ. ನಾನು ಮುಖ ಗಂಟಿಕ್ಕಿದ್ದನ್ನು ಕಂಡು, ದನಿ ಇಳಿಸಿ, "ಬಾರಾಟಾಂಗಿಗೆ ಹೋಗೋ ದಾರೀಲಿ ಕಾಡುಜನ ಕಾಣಸಿಗ್ತಾರೆ ಸಾರ್" ಎಂದು ಆಸೆ ತೋರಿಸಿದ. ನನಗೆ ಅಸಹ್ಯವಾಯಿತು. ಆ ರಸ್ತೆ ಜಾರವಾ ಜನರ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ವಾಹನಗಳನ್ನು ಸಾಲಾಗಿ, ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಚಿತ್ರ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ. ಆದಿವಾಸಿಗಳ ರಕ್ಷಣೆಗೆ 1956ರಿಂದಲೂ ಅಲ್ಲಿ ಕಾಯಿದೆ ಇದೆ. ಮನುಷ್ಯರನ್ನು ಪ್ರಾಣಿಸಂಗ್ರಹಾಲಯದಂತೆ ತೋರಿಸುವೆನೆಂಬವನ ಹತ್ತಿರ ನನಗೇನು ಕೆಲಸ? ಎದ್ದು ಬಂದೆ.

ಬಂದದ್ದು ಸರಿಯೇ. ಆದರೆ ಅದರ ಜೊತೆಗೆ ಇನ್ನೊಂದನ್ನೂ ಮಾಡಿದೆ. ಅವನು ಕೊಟ್ಟ ದಿನಚರಿಯ ಕಾಗದವನ್ನು ಮನೆಗೆ ತಂದು, ಹೆಂಡತಿಯ ಮುಂದೆ ಓದಿ ನಕ್ಕೆ. ಮೊದಲನೆಯ ದಿನ ಪೋರ್ಟ್ ಬ್ಲೇರಿನಲ್ಲಿ ಸೆಲ್ಯುಲರ್ ಜೈಲು, ಸಂಜೆ ಧ್ವನಿ–ಬೆಳಕಿನ ಪ್ರದರ್ಶನ. ಎರಡನೆಯ ದಿನ ಹ್ಯಾವ್ಲಾಕ್. ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರು, ಮರುದಿನ ವಿಮಾನ. ಬೇರೆ ನಾಲ್ಕು ಏಜೆಂಟರ ಕಾಗದಗಳನ್ನು ತರಿಸಿ ನೋಡಿದೆ. ಎಲ್ಲವೂ ಹಾಗೆಯೇ! "ಒಂದು ಕುರಿ ಹೋದ ಹಳ್ಳಕ್ಕೆ ಎಲ್ಲಾ ಕುರಿ" ಎಂದೆ. ಎರಡು ರಾತ್ರಿ ಸುಮ್ಮನೆ ಊರಿನಲ್ಲಿ ಕೊಠಡಿ ಬಾಡಿಗೆ ಏಕೆ? ನಾನಾದರೆ ಬೆಳಗಿನ ವಿಮಾನದಲ್ಲಿ ಇಳಿದವನೇ ಜೆಟ್ಟಿಗೆ ಹೋಗಿ, ಮಧ್ಯಾಹ್ನದ ದೋಣಿಯಲ್ಲಿ ನೇರ ಹ್ಯಾವ್ಲಾಕ್ ಸೇರುವೆ. ಜೈಲನ್ನು ಕೊನೆಯ ದಿನದ ಸಂಜೆಗೆ ಇಡುವೆ. ಒಂದು ರಾತ್ರಿ ಉಳಿಯಿತು. ಹೀಗೆ ಮೂರು ವಾರ ಕಂಪ್ಯೂಟರಿನ ಮುಂದೆ ಕುಳಿತು, ವಿಮಾನ, ದೋಣಿ, ಹೋಟೆಲುಗಳನ್ನು ಒಂದೊಂದಾಗಿ ಗಂಟು ಹಾಕಿದೆ. ಎಂಬತ್ತಾರು ಸಾವಿರಕ್ಕೆ ಮುಗಿಯಿತು. ಉಳಿತಾಯ ಹತ್ತೊಂಬತ್ತು ಸಾವಿರ. ಕಾಗದದ ಕೆಳಗೆ ಎರಡು ಗೆರೆ ಎಳೆದೆ. ಬ್ಯಾಂಕಿನ ಅಭ್ಯಾಸ.

2019ರ ಜನವರಿ ಮೊದಲ ವಾರ ಹೊರಟೆವು. ಬೆಂಗಳೂರಿನಿಂದ ಎರಡೂವರೆ ಗಂಟೆಯ ಹಾದಿ. ಅವ್ವ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ನನ್ನ ಲೆಕ್ಕದಂತೆಯೇ ಮಧ್ಯಾಹ್ನದ ದೋಣಿ ಸಿಕ್ಕಿತು. ಅದಕ್ಕೆ ಕೆಲವೇ ದಿನಗಳ ಹಿಂದೆ, 2018ರ ಡಿಸೆಂಬರ್ 30ರಂದು, ಹ್ಯಾವ್ಲಾಕಿಗೆ ಸ್ವರಾಜ್ ದ್ವೀಪವೆಂದು ಹೆಸರಿಟ್ಟಿದ್ದರು. ನನ್ನ ಟಿಕೆಟ್ಟಿನಲ್ಲಿ ಹಳೆಯ ಹೆಸರೇ ಇತ್ತು. "ಸ್ವರಾಜ್ಯಕ್ಕೆ ಬಂದಂಗಾತು ನೋಡು" ಎಂದು ಅವ್ವ ನಕ್ಕಳು. ರಾಧಾನಗರದ ಬಿಳಿಯ ಮರಳಿನ ಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ಮೊಣಕಾಲ ಮಟ್ಟ ನೀರಿನಲ್ಲಿ ಅರ್ಧ ಗಂಟೆ ನಿಂತಳು. ಭಾರತದ ಗಡಿಯಾರವೇ ಅಲ್ಲಿಗೂ ಸಲ್ಲುವುದರಿಂದ, ಆ ತಿಂಗಳಿನಲ್ಲಿ ಐದು ಗಂಟೆಯ ಸುಮಾರಿಗೆಲ್ಲ ಸೂರ್ಯ ಮುಳುಗುತ್ತಾನೆ. "ಇಲ್ಲಿ ಸೂರ್ಯನಿಗೂ ಮನೆಗೆ ಹೋಗೋ ಅವಸರ" ಎಂದಳು. ಎರಡು ದಿನ ನಾನು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಓಡಾಡಿದೆ.

ಆಮೇಲೆ ಗಾಳಿ ಎದ್ದಿತು. ಥಾಯ್ಲೆಂಡಿನ ಕಡೆಯಿಂದ ಬಂದ ‘ಪಬುಕ್’ ಎಂಬ ಚಂಡಮಾರುತ ಅಂಡಮಾನಿನತ್ತ ತಿರುಗಿತ್ತು. ದೋಣಿಗಳು ನಿಂತವು. ಇದು ಕೇಳರಿಯದ ಸಂಗತಿಯೇನಲ್ಲ. 2016ರ ಡಿಸೆಂಬರಿನಲ್ಲಿ ಇದೇ ಹ್ಯಾವ್ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಮಿಕ್ಕಿ ಪ್ರವಾಸಿಗರು ಸಿಕ್ಕಿಬಿದ್ದು, ಕೊನೆಗೆ ನೌಕಾಪಡೆಯ ಹಡಗುಗಳು ಅವರನ್ನು ಕರೆತರಬೇಕಾಗಿತ್ತು. ಪತ್ರಿಕೆಯಲ್ಲಿ ನಾನೇ ಓದಿದ್ದೆ. ಆದರೆ ಪತ್ರಿಕೆಯಲ್ಲಿ ಓದಿದ ಚಂಡಮಾರುತ ಯಾವಾಗಲೂ ಬೇರೆಯವರಿಗೆ ಬಂದದ್ದು.

ಆಗ ನನ್ನ ಗಂಟುಗಳು ಒಂದೊಂದಾಗಿ ಬಿಚ್ಚತೊಡಗಿದವು. ದೋಣಿಯವನು ದೋಣಿಯ ಹಣ ವಾಪಸು ಕೊಡುವೆನೆಂದ, ನ್ಯಾಯವಂತ. ವಿಮಾನದವನು, ನಮ್ಮ ವಿಮಾನ ಹೊತ್ತಿಗೆ ಸರಿಯಾಗಿ ಹಾರಿತು, ನೀವು ಬರದಿದ್ದರೆ ನಾವೇನು ಮಾಡೋಣ ಎಂದ. ಅವನದೂ ಒಂದು ನ್ಯಾಯ. ಪೋರ್ಟ್ ಬ್ಲೇರಿನ ಹೋಟೆಲಿನವನು, ಅಗ್ಗದ ದರದ ಕೊಠಡಿಗೆ ಹಣ ಹಿಂತಿರುಗಿಸುವ ಪದ್ಧತಿ ಇಲ್ಲ ಎಂದ. ದೋಣಿಗೂ ವಿಮಾನಕ್ಕೂ ಪರಸ್ಪರ ಪರಿಚಯವೇ ಇಲ್ಲ. ಅವರಿಬ್ಬರನ್ನು ಒಂದು ಕಾಗದದ ಮೇಲೆ ಪರಿಚಯ ಮಾಡಿಸಿದವನು ನಾನು; ಜಗಳ ಬಂದಾಗ ನಡುವೆ ನಿಲ್ಲಬೇಕಾದವನೂ ನಾನೇ. ಜಗಲಿಯ ಮೂಲೆಯಲ್ಲಿ ಕುರ್ಚಿಯ ಮೇಲೆ ಹತ್ತಿದರೆ ಮಾತ್ರ ಫೋನು ಕೇಳುತ್ತಿತ್ತು. ಮಳೆಯಲ್ಲಿ ಅರ್ಧ ನೆನೆದುಕೊಂಡು, ಕುರ್ಚಿಯ ಮೇಲೆ ನಿಂತು ಅಪರಿಚಿತರಿಗೆ ಅಂಗಲಾಚುತ್ತಿದ್ದ ಗಂಡನನ್ನು ನನ್ನ ಹೆಂಡತಿ ನೋಡಿದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅದಕ್ಕಿಂತ ದೊಡ್ಡ ಪೇಚು ಬೇರೆ ಇತ್ತು. ಅವ್ವನ ರಕ್ತದೊತ್ತಡದ ಗುಳಿಗೆಗಳನ್ನೂ ನಾನು ಐದೇ ದಿನಕ್ಕೆ ಎಣಿಸಿ ತಂದಿದ್ದೆ. ಅಲ್ಲಿಯೂ ನನ್ನ ಲೆಕ್ಕ ಚೊಕ್ಕ.

ಅದೇ ವಸತಿಯಲ್ಲಿ ದಾವಣಗೆರೆಯ ಕಡೆಯ ಹನ್ನೆರಡು ಮಂದಿಯ ಒಂದು ತಂಡ ಇಳಿದಿತ್ತು. ಅವರ ಜೊತೆಗೆ ಒಬ್ಬ ಏಜೆಂಟರ ಕಡೆಯ ಹುಡುಗ, ಇಪ್ಪತ್ತೈದರ ಆಸುಪಾಸಿನವನು. ಸಿಕ್ಕಿಬಿದ್ದದ್ದೇನೋ ಅವರೂ ನಮ್ಮಂತೆಯೇ. ಚಂಡಮಾರುತಕ್ಕೆ ಏಜೆಂಟರ ಭಯವಿಲ್ಲ. ಆದರೆ ಅವರು ಜಗಲಿಯಲ್ಲಿ ಇಸ್ಪೀಟು ಆಡುತ್ತಿದ್ದರು. ಕುರ್ಚಿಯ ಮೇಲೆ ಹತ್ತುವ ಕೆಲಸ ಆ ಹುಡುಗನದು. ಅವನ ಸರದಿ ಮುಗಿದಾಗ ನಾನು ಹತ್ತುತ್ತಿದ್ದೆ. ಹೀಗೆ ಕುರ್ಚಿಯ ನೆಂಟಸ್ತಿಕೆ ಬೆಳೆಯಿತು. ಗುಳಿಗೆಯ ಸಂಗತಿ ಹೇಗೋ ಅವನ ಕಿವಿಗೆ ಬಿತ್ತು. ಕೇಳದೆಯೇ ಖಾಲಿ ಗುಳಿಗೆಯ ಪಟ್ಟಿಯನ್ನು ತೆಗೆದುಕೊಂಡು, ಆ ಮಳೆಯಲ್ಲಿ ಆಸ್ಪತ್ರೆಗೆ ಹೋಗಿ, ಡಾಕ್ಟರನ್ನು ಕಂಡು ಗುಳಿಗೆ ತಂದುಕೊಟ್ಟ. ಮರುದಿನ, ಸರ್ಕಾರದ ದೋಣಿ ಮೊದಲು ಬಿಡುತ್ತದೆಂಬ ಸುದ್ದಿ ಹಿಡಿದು, ಕತ್ತಲಲ್ಲೇ ಜೆಟ್ಟಿಗೆ ಹೋಗಿ ಸಾಲಿನಲ್ಲಿ ನಿಂತ. ಹಿಂತಿರುಗಿ ಬಂದು, "ಸಾರ್, ನಿಮ್ಮ ಮೂರು ಹೆಸರೂ ನಮ್ಮ ಪಟ್ಟೀಲೇ ಬರೆದುಬಿಟ್ಟೆ" ಎಂದ. ಹಣ ಕೊಡಹೋದರೆ ಟಿಕೆಟ್ಟಿನ ಹಣವಷ್ಟೇ ತೆಗೆದುಕೊಂಡ.

ನಾನು ನಾಚಿಕೆ ಬಿಟ್ಟು ಕೇಳಿದೆ: "ನೀವೆಲ್ಲ ಜೈಲನ್ನು ಮೊದಲ ದಿನವೇ ಯಾಕಪ್ಪ ತೋರಿಸುತ್ತೀರಿ?"

"ಜೈಲು ನೋಡೋಕೇ ಬಂದಿರೋರು ಸುಮಾರು ಜನ ಸಾರ್. ಸಮುದ್ರ ದಾಟಿ ಹೋದಮೇಲೆ ವಾಪಸು ಯಾವಾಗ ಬರ್ತೀವೋ ಯಾರಿಗೆ ಗೊತ್ತು? ಅದಕ್ಕೇ ಮೊದಲೇ ತೋರಿಸಿಬಿಡೋದು. ಕೊನೇ ರಾತ್ರೀನೂ ಅಷ್ಟೆ. ವಿಮಾನದ ಹಿಂದಿನ ದಿನ ಊರಲ್ಲಿ ಇರಲೇಬೇಕು. ನಮ್ಮ ಯಜಮಾನರು ಒಂದು ಸಲ ಪೆಟ್ಟು ತಿಂದಿದ್ದಾರೆ."

ನಾನು ಕುರಿಯ ಹಳ್ಳ ಎಂದು ನಕ್ಕದ್ದು ಹಳ್ಳವಾಗಿರಲಿಲ್ಲ. ಹಿಂದೆ ಬಿದ್ದವರೆಲ್ಲ ಸೇರಿ ಕಟ್ಟಿದ ಒಡ್ಡಾಗಿತ್ತು. ಅವರ ಕಾಗದದಲ್ಲಿ ಇದ್ದದ್ದು ಯಾರೋ ತೆತ್ತ ದಂಡದ ಲೆಕ್ಕ. ಅದನ್ನು ನಾನು ವ್ಯರ್ಥ ಖರ್ಚೆಂದು ಹೊಡೆದುಹಾಕಿದ್ದೆ.

ಸರ್ಕಾರದ ದೋಣಿಯಲ್ಲಿ ಮೇಲೆ ಬಯಲಿನಲ್ಲಿ ಕುಳಿತು ಬಂದೆವು. ಸಿಕ್ಕಿಬಿದ್ದವರೆಲ್ಲ ಒಟ್ಟಿಗೆ ಮುಗಿಬಿದ್ದಿದ್ದರಿಂದ ವಿಮಾನದಲ್ಲಿ ಆ ಮಧ್ಯಾಹ್ನ ಬಿಟ್ಟರೆ ನಾಲ್ಕು ದಿನ ಜಾಗವಿರಲಿಲ್ಲ. ಜೆಟ್ಟಿಯಿಂದ ನೇರ ವಿಮಾನ ನಿಲ್ದಾಣಕ್ಕೆ ಓಡಬೇಕು. ಅವ್ವನಿಗೆ ಹೇಗೆ ಹೇಳಲಿ ಎಂದು ನಾನು ತಿಣುಕುತ್ತಿರುವಾಗ ಬಂದರು ಹತ್ತಿರ ಬಂತು. ಆ ಹುಡುಗ ಗುಡ್ಡದ ಕಡೆ ಕೈ ತೋರಿಸಿ, "ಅಜ್ಜೀ, ಅಗೋ ಅಲ್ಲಿ, ಜೈಲು" ಎಂದ. ಮರಗಳ ಸಂದಿಯಲ್ಲಿ ಉದ್ದನೆಯ ಗೋಡೆ, ಅದರ ಮೇಲೆ ಒಂದು ಗೋಪುರ. ಅವ್ವ ಎದ್ದು ನಿಂತು, ಕಂಬಿ ಹಿಡಿದ ಕೈ ಬಿಟ್ಟು, ಎರಡೂ ಕೈ ಮುಗಿದಳು. ದೋಣಿ ಓಲಾಡುತ್ತಿತ್ತು, ಹೆಂಡತಿ ಅವಳ ಸೊಂಟ ಹಿಡಿದುಕೊಂಡಳು. "ಇಷ್ಟು ಕಂಡ್ತಲ್ಲೋ, ಸಾಕು. ದೇವರಿಗೆ ದೂರದಿಂದಾನೂ ಕೈ ಮುಗೀಬಹುದು" ಎಂದಳು ಅವ್ವ.

ಹೊಸ ಟಿಕೆಟ್ಟಿಗೆ, ಹೆಚ್ಚಿನ ವಸತಿಗೆ ಆದ ಖರ್ಚು ಮೂವತ್ತೊಂದು ಸಾವಿರ. ಅದನ್ನು ಬರೆದುಕೊಂಡೆ. ಆದರೆ ‘ಸಾಕು’ ಎಂಬ ಆ ಮಾತನ್ನು ಯಾವ ಕಡೆ ಬರೆಯಬೇಕೆಂದು ಈವರೆಗೆ ತಿಳಿದಿಲ್ಲ. 2021ರಲ್ಲಿ ಅವ್ವ ತೀರಿಕೊಂಡಳು.

ಹಾಗೆಂದು ನಾನು ಏಜೆಂಟರ ಭಕ್ತನಾದೆನೆಂದು ತಿಳಿಯಬೇಡಿ. ಅವರು ಹೋಟೆಲಿನಿಂದ ಕಡಿಮೆ ದರಕ್ಕೆ ಕೊಠಡಿ ಹಿಡಿದು, ನಡುವಿನ ಲಾಭದಲ್ಲಿ ಬಾಳುವವರು. ತಮಗೆ ಲಾಭವಿದ್ದ ಕಡೆಯೇ ಸಮುದ್ರ ಚೆನ್ನಾಗಿದೆ ಎನ್ನುವವರೂ ಉಂಟು. ಕೆಲವು ಕಡೆ ಆಯ್ಕೆಯೇ ಇಲ್ಲ. ಲಕ್ಷದ್ವೀಪಕ್ಕೆ ಭಾರತೀಯರೂ ಪರವಾನಗಿ ಇಲ್ಲದೆ ಕಾಲಿಡುವಂತಿಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಕಲೆಕ್ಟರರೇ ಅವಕ್ಕೆ ದೊರೆ. ಈಗ ಮಂಗಳೂರಿನವನೂ ಅರ್ಜಿ ಹಾಕಿ ಕಾಯಬೇಕು. ಹತ್ತು ದ್ವೀಪಗಳಲ್ಲಷ್ಟೇ ಜನವಸತಿ. ಎಲ್ಲ ಸೇರಿ ನೆಲ ಮೂವತ್ತೆರಡು ಚದರ ಕಿಲೋಮೀಟರು. ಅಷ್ಟು ಚಿಕ್ಕ ಮನೆಗೆ ಬಾಗಿಲು ಇರಬೇಕಾದದ್ದೇ.

ಒಟ್ಟಿನಲ್ಲಿ ನನಗೆ ತೋರಿದ್ದು ಇಷ್ಟು. ನೆಲದ ಮೇಲಿನ ಪ್ರಯಾಣದಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು ಉಂಟು. ಅಲ್ಲಿ ನಮ್ಮ ಜಾಣತನ ನಡೆಯುತ್ತದೆ. ದ್ವೀಪಕ್ಕೆ ಹೋಗುವವನು ನೀರಿನ ಮರ್ಜಿಯಲ್ಲಿ ಇರುತ್ತಾನೆ. ತಾನೇ ಟಿಕೆಟ್ಟು ತೆಗೆಯುವುದಾದರೆ ತೆಗೆಯಲಿ. ಆದರೆ ಯಾವುದಕ್ಕಾಗಿ ಹೋಗುತ್ತಾನೋ ಅದನ್ನು ಮೊದಲ ದಿನ ಇಡಲಿ, ಕೊನೆಯ ದಿನವನ್ನು ಖಾಲಿ ಇಡಲಿ, ಗುಳಿಗೆಯನ್ನು ಎರಡರಷ್ಟು ಒಯ್ಯಲಿ.

2023ರಲ್ಲಿ ನಾನೂ ನನ್ನ ಹೆಂಡತಿಯೂ ಮತ್ತೊಮ್ಮೆ ಹೋದೆವು. ಮರುವರ್ಷ ಶ್ರೀ ವಿಜಯಪುರಂ ಎಂದು ಹೆಸರು ಬದಲಾಯಿಸಿಕೊಂಡ ಆ ಊರು ಆಗಿನ್ನೂ ಪೋರ್ಟ್ ಬ್ಲೇರೇ. ಆ ಹುಡುಗ ಈಗ ಸ್ವಂತ ಕಚೇರಿ ಇಟ್ಟಿದ್ದ. ಅವನ ಕಾಗದದಲ್ಲಿ ಒಂದಕ್ಷರವನ್ನೂ ತಿದ್ದದೆ ಹಣ ಕಳಿಸಿದೆ. ಮೊದಲ ದಿನ ಮಧ್ಯಾಹ್ನ ಜೈಲಿನೊಳಗೆ ಹೋದೆವು. 1896ರಿಂದ 1906ರವರೆಗೆ ಕಟ್ಟಿದ ಕಟ್ಟಡ. ನಡುವಿನ ಗೋಪುರದಿಂದ ಚಕ್ರದ ಅರಗಳಂತೆ ಏಳು ಸಾಲು ಹೊರಟಿದ್ದವು. ಈಗ ಮೂರು ಉಳಿದಿವೆ. ಒಂದು ಸಾಲಿನ ಮುಖಕ್ಕೆ ಇನ್ನೊಂದರ ಬೆನ್ನು, ಒಬ್ಬ ಕೈದಿ ಇನ್ನೊಬ್ಬನ ಮುಖ ಕಾಣದಂತೆ. ಒಂದು ಕೋಣೆಯೊಳಗೆ ಹೋಗಿ ನಿಂತೆ. ಬೆಳಕು ಬರುವ ಕಿಂಡಿ ಕೈಗೆಟುಕದ ಎತ್ತರದಲ್ಲಿತ್ತು. ಗೋಪುರದ ಮೇಲೆ ಹತ್ತಿದಾಗ ಸಮುದ್ರ ಕಾಣಿಸಿತು. ಅದರಲ್ಲಿ ಬಂದರಿನತ್ತ ಬರುತ್ತಿದ್ದ ಒಂದು ಸರ್ಕಾರದ ದೋಣಿ. ಅದರ ಮೇಲಿನ ಜನರು ಚುಕ್ಕೆಗಳಂತೆ ಇದ್ದರು. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತೆ.

ಸಂಜೆ ಆ ಹುಡುಗನ ಫೋನು ಬಂತು. "ಸಾರ್, ಜೈಲು ನೋಡಿದ್ರಾ?"

"ನೋಡಿದೆನಪ್ಪ" ಎಂದೆ.

"ಒಳ್ಳೇದಾಯ್ತು ಸಾರ್. ಇನ್ನು ಮಳೆ ಬಂದರೂ ಬರಲಿ" ಎಂದ.